ತಲೆಬಾಗಿಲು ತೆರೆದಿರುವಾಗ ಹಿತ್ತಿಲ ಗೋಡೆ ಹಾರುವುದೇಕೆ?

‘ಅಣ್ಣಾ, ಮೈಕ್ರೋಸಾಫ್ಟ್ ಆಫೀಸಿನ ಕ್ರ್ಯಾಕ್ ಲಿಂಕ್ ಇದ್ದರೆ ಕಳುಹಿಸಿ.’ ನೆಂಟರಿಷ್ಟರಿಂದ ನನಗೆ ಹಬ್ಬದ ಶುಭಾಶಯಕ್ಕಿಂತ ಹೆಚ್ಚಾಗಿ ಬರುವ ಸಂದೇಶ ಇದು. ಕ್ರ್ಯಾಕ್ ಎಂದರೆ ದುಡ್ಡು ಕೊಡದೆ ತಂತ್ರಾಂಶದ ಪರವಾನಗಿಯ ಬೀಗ ಮುರಿಯುವ ಸಾಧನ. ಕಳುಹಿಸುವವರು ಕಳ್ಳರಲ್ಲ. ಕಿರಾಣಿ ಅಂಗಡಿಯವನು ಹತ್ತು ರೂಪಾಯಿ ಹೆಚ್ಚು ಚಿಲ್ಲರೆ ಕೊಟ್ಟರೆ ಹಿಂತಿರುಗಿಸಿ ಬರುವ ಜನ. ಆದರೆ ಮನೆಯ ಕಂಪ್ಯೂಟರ್ ಎಂದ ತಕ್ಷಣ ‘ಬಿಟ್ಟಿ ಸಿಕ್ಕರೆ ನನಗೂ ಇರಲಿ, ನಮ್ಮಪ್ಪನಿಗೂ ಇರಲಿ’ ಎಂಬ ಗಾದೆ ಮೈಮೇಲೆ ಬರುತ್ತದೆ. ನನ್ನ ತಕರಾರು ಬಿಟ್ಟಿಯ ಬಗ್ಗೆ ಅಲ್ಲ. ಮನೆಬಳಕೆಗೆ ಬೇಕಾದ ತಂತ್ರಾಂಶಗಳಲ್ಲಿ ಬಹುಪಾಲು ನ್ಯಾಯವಾಗಿಯೇ ಬಿಟ್ಟಿ ಸಿಗುತ್ತವೆ. ಅವುಗಳನ್ನು ಬರೆದವರೇ ತಲೆಬಾಗಿಲು ತೆರೆದಿಟ್ಟು ‘ಬನ್ನಿ’ ಎನ್ನುತ್ತಿದ್ದಾರೆ. ನಾವು ಮಾತ್ರ ಹಿತ್ತಿಲ ಗೋಡೆಯನ್ನೇ ಹಾರುತ್ತೇವೆ.

ಈ ಮಾತನ್ನು ಈಗ ಎತ್ತಲು ಕಾರಣವಿದೆ. 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ಕೊಡುತ್ತಿದ್ದ ಸಾಮಾನ್ಯ ಬೆಂಬಲ ಮುಗಿಯಿತು. ಕೇಳಿಕೊಂಡವರಿಗೆ ಇನ್ನೊಂದು ವರ್ಷ ಭದ್ರತಾ ಅಪ್‌ಡೇಟ್‌ಗಳನ್ನು ಕೊಡುವುದಾಗಿ ಹೇಳಿತು, ಅಷ್ಟೇ. ವಿಂಡೋಸ್ 11 ಬೇಕೆಂದರೆ ಟಿಪಿಎಂ 2.0 ಎಂಬ ಭದ್ರತಾ ಚಿಪ್ ಇರಬೇಕು, ಇಂಟೆಲ್ ಆದರೆ ಹೆಚ್ಚುಕಡಿಮೆ ಎಂಟನೆಯ ತಲೆಮಾರಿನ ಪ್ರೊಸೆಸರ್ ಇರಬೇಕು. ಅಂದರೆ 2015, 2016ರಲ್ಲಿ ಕೊಂಡ, ಇನ್ನೂ ಗಟ್ಟಿಮುಟ್ಟಾಗಿರುವ ಯಂತ್ರಗಳು ಒಂದೇ ದಿನದಲ್ಲಿ ‘ಹಳೆಯವು’ ಆಗಿಬಿಟ್ಟವು. ಅವುಗಳಲ್ಲಿ ಕೆಲವು ಗುಜರಿಗೆ ಹೋಗುತ್ತಿವೆ. ಉಳಿದವಕ್ಕೆ ರಿಪೇರಿ ಅಂಗಡಿಗಳಲ್ಲಿ ಒಂದಿಷ್ಟು ದುಡ್ಡು ತೆಗೆದುಕೊಂಡು ನಕಲಿ ವಿಂಡೋಸ್ ತುಂಬಿ ಕೊಡುತ್ತಿದ್ದಾರೆ. ಎರಡೂ ನನಗೆ ಒಪ್ಪಿಗೆಯಿಲ್ಲ.

ಕ್ರ್ಯಾಕ್ ಎಂಬುದು ಮಾಡುವ ಕೆಲಸವನ್ನೊಮ್ಮೆ ನೋಡಿ. ದೊಡ್ಡ ಕಚೇರಿಗಳಲ್ಲಿ ಸಾವಿರಾರು ಕಂಪ್ಯೂಟರ್‌ಗಳ ಪರವಾನಗಿಯನ್ನು ಅಲ್ಲಿನದೇ ಒಂದು ಸರ್ವರ್ ದೃಢೀಕರಿಸುವ ಏರ್ಪಾಡಿದೆ. ಬಹಳಷ್ಟು ‘ಆಕ್ಟಿವೇಟರ್’ಗಳು ಅಂಥ ಸರ್ವರಿನ ವೇಷವನ್ನು ನಿಮ್ಮ ಯಂತ್ರದೊಳಗೇ ಹಾಕುತ್ತವೆ. ಅದಕ್ಕೆ ಅಡ್ಮಿನಿಸ್ಟ್ರೇಟರ್ ಅಧಿಕಾರ ಬೇಕು. ಜೊತೆಗೆ ಬರುವ ಸೂಚನೆಯ ಮೊದಲ ಸಾಲೇ ‘ಆಂಟಿವೈರಸ್ ಆಫ್ ಮಾಡಿ’ ಎಂದಿರುತ್ತದೆ. ಗುರುತು ಪರಿಚಯವಿಲ್ಲದವನೊಬ್ಬ ಬರೆದ ತಂತ್ರಾಂಶಕ್ಕೆ ಕಾವಲನ್ನು ತೆಗೆದು, ಪೂರ್ಣ ಅಧಿಕಾರವನ್ನೂ ಕೊಟ್ಟ ಮೇಲೆ ಒಳಗೆ ಇನ್ನೇನು ಬಂತು ಎಂದು ಯಾರು ನೋಡುತ್ತಾರೆ? ಸ್ಟಾಪ್ ಎಂಬ ರ‍್ಯಾನ್ಸಮ್‌ವೇರ್ ಜಗತ್ತಿನಾದ್ಯಂತ ಮನೆಯ ಕಂಪ್ಯೂಟರ್‌ಗಳಿಗೆ ಹಬ್ಬಿದ್ದು ಮುಖ್ಯವಾಗಿ ಇಂಥ ಕ್ರ್ಯಾಕ್‌ಗಳ ಬೆನ್ನೇರಿಯೇ. ಫೋಟೋ, ದಾಖಲೆ ಎಲ್ಲಕ್ಕೂ ಬೀಗ ಜಡಿದು ಹಣ ಕೇಳುವ ಜಾತಿ ಅದು. ಮಗಳ ಮದುವೆಯ ಫೋಟೋಗಳ ಮುಂದೆ ಆಫೀಸ್ ತಂತ್ರಾಂಶದಲ್ಲಿ ಉಳಿಸಿದ ಹಣ ಯಾವ ಲೆಕ್ಕ?

ಕ್ರ್ಯಾಕ್ ಬೇಡವೆನ್ನುವ ಸಭ್ಯರಿಗೆ ಬೇರೆಯದೇ ಗುಂಡಿ ಕಾದಿದೆ. ಒಳ್ಳೆಯ ಉಚಿತ ತಂತ್ರಾಂಶದ ಹೆಸರು ಅವರಿಗೆ ಗೊತ್ತು. ಆದರೆ ಹುಡುಕಿದಾಗ ಮೊದಲು ಕಾಣುವ ಹಸಿರು ‘ಡೌನ್‌ಲೋಡ್’ ಗುಂಡಿಯನ್ನು ಒತ್ತಿಬಿಡುತ್ತಾರೆ. ಅದು ಜಾಹೀರಾತು ಆಗಿರಬಹುದು, ಯಾರದೋ ತಂತ್ರಾಂಶವನ್ನು ತನ್ನ ಚೀಲದಲ್ಲಿ ತುಂಬಿ ಮಾರುವ ಮಧ್ಯವರ್ತಿಯೂ ಆಗಿರಬಹುದು. ಹೆಸರಾಂತ ಜಾಗಗಳೂ ಕೆಟ್ಟದ್ದುಂಟು. ಸೋರ್ಸ್‌ಫೋರ್ಜ್ ಒಂದು ಕಾಲಕ್ಕೆ ಮುಕ್ತ ತಂತ್ರಾಂಶದ, ಅಂದರೆ ಯಾರು ಬೇಕಾದರೂ ಬಳಸಿ, ತಿದ್ದಿ, ಹಂಚಬಹುದಾದ ತಂತ್ರಾಂಶದ, ದೊಡ್ಡ ಸಂತೆಯಾಗಿತ್ತು. 2015ರಲ್ಲಿ ಅಲ್ಲಿನ, ಚಿತ್ರ ತಿದ್ದುವ ಜಿಂಪ್ ತಂತ್ರಾಂಶದ ವಿಂಡೋಸ್ ಆವೃತ್ತಿಗೆ ಬೇಡದ ಜಾಹೀರಾತು ಸರಕನ್ನು ಅಂಟಿಸಿ ಕೊಟ್ಟದ್ದು ಬಯಲಾಗಿ ದೊಡ್ಡ ಗಲಾಟೆಯಾಯಿತು. ಒಡೆತನ ಬದಲಾದ ಮೇಲೆ ಆ ಪದ್ಧತಿ ನಿಂತಿತು.

ನಮ್ಮ ದೇಶದಲ್ಲೇ ಇನ್ನೊಂದು ತಮಾಷೆ ನಡೆಯಿತು. ವಿಎಲ್‌ಸಿ ಪ್ಲೇಯರ್ ಯಾರಿಗೆ ಗೊತ್ತಿಲ್ಲ? ಪ್ಯಾರಿಸ್ಸಿನ ವಿದ್ಯಾರ್ಥಿಗಳ ಕೆಲಸವಾಗಿ ಹುಟ್ಟಿ, 2001ರಿಂದ ಮುಕ್ತ ಪರವಾನಗಿಯಡಿ ಇರುವ ತಂತ್ರಾಂಶ ಅದು. ಒಂದೂ ಜಾಹೀರಾತಿಲ್ಲ. 2022ರಲ್ಲಿ ಅದರ ಅಧಿಕೃತ ತಾಣವೇ ಭಾರತದಲ್ಲಿ ತಿಂಗಳುಗಟ್ಟಲೆ ತೆರೆಯುತ್ತಿರಲಿಲ್ಲ. ಸರ್ಕಾರಕ್ಕೆ ಕಾನೂನು ನೋಟಿಸ್ ಹೋದ ಮೇಲೆ ನವೆಂಬರ್‌ನಲ್ಲಿ ತಡೆ ತೆರವಾಯಿತು. ಅಷ್ಟು ದಿನ ವಿಎಲ್‌ಸಿ ಬೇಕಾದವರು ಹೋದದ್ದೆಲ್ಲಿಗೆ? ಇದೇ ಮಧ್ಯವರ್ತಿಗಳ ಬಳಿಗೆ. ಕ್ಷೇಮವಾದ ದಾರಿಯನ್ನು ಮುಚ್ಚಿ ಜನರನ್ನು ಅಪಾಯದ ದಾರಿಗೆ ಕಳುಹಿಸುವ ಈ ಬಗೆಯ ಬುದ್ಧಿವಂತಿಕೆಗೆ ಏನೆನ್ನಬೇಕೋ ನೀವೇ ಹೇಳಿ.

ಹಾಗಾಗಿ ನಾನು ಕೇಳಿಕೊಳ್ಳುವ ಪ್ರಶ್ನೆಗಳು ಎರಡೇ. ಇದನ್ನು ಬರೆದವರು ಯಾರು, ಮತ್ತು ಅವರ ಖರ್ಚು ಹೇಗೆ ನಡೆಯುತ್ತದೆ? ಮೈಕ್ರೋಸಾಫ್ಟ್ ಆಫೀಸಿನ ಬದಲು ಬಳಸಬಹುದಾದ ಲಿಬ್ರೆ ಆಫೀಸಿನ ಹಿಂದೆ ಡಾಕ್ಯುಮೆಂಟ್ ಫೌಂಡೇಶನ್ ಎಂಬ ಸಂಸ್ಥೆಯಿದೆ. ದೇಣಿಗೆಯಿಂದಲೂ, ಅದರ ಮೇಲೆ ವ್ಯವಹಾರ ಕಟ್ಟಿಕೊಂಡ ಕಂಪನಿಗಳ ದುಡಿಮೆಯಿಂದಲೂ ಕೆಲಸ ನಡೆಯುತ್ತದೆ. ಫೈರ್‌ಫಾಕ್ಸ್‌ಗೆ ಹಣದ ದೊಡ್ಡ ಪಾಲು ಬರುವುದು ಗೂಗಲ್ ಹುಡುಕಾಟವನ್ನು ಮುಂದಿಟ್ಟದ್ದಕ್ಕೆ ಗೂಗಲ್ ಕೊಡುವ ಮೊತ್ತದಿಂದ. ಅದು ನನಗೆ ಹಿಡಿಸುವುದಿಲ್ಲ, ಆದರೆ ಮುಚ್ಚುಮರೆಯಿಲ್ಲ. ಈ ಪ್ರಶ್ನೆಗೆ ಉತ್ತರವೇ ಸಿಗದ ‘ಕಂಪ್ಯೂಟರ್ ವೇಗ ಹೆಚ್ಚಿಸುವ’, ‘ಡ್ರೈವರ್ ಸರಿಪಡಿಸುವ’ ಉಚಿತ ತಂತ್ರಾಂಶಗಳನ್ನು ಮುಟ್ಟಲೇಬೇಡಿ. ತಂತ್ರಾಂಶ ಹಾಕಿಕೊಂಡರೆ ರ‍್ಯಾಮ್ ಹೆಚ್ಚುವುದಿಲ್ಲ. ರ‍್ಯಾಮ್ ಕೊಂಡರೆ ಹೆಚ್ಚುತ್ತದೆ.

ಅಧಿಕೃತ ತಾಣಕ್ಕೆ ಹೋದರೂ ಕಣ್ಣು ತೆರೆದಿರಬೇಕು. 2016ರ ಫೆಬ್ರವರಿಯಲ್ಲಿ, ವಿಂಡೋಸಿನ ಬದಲು ಬಳಸಬಹುದಾದ ಉಚಿತ ಆಪರೇಟಿಂಗ್ ಸಿಸ್ಟಮ್ ಲಿನಕ್ಸ್ ಮಿಂಟ್‌ನ ತಾಣಕ್ಕೇ ಕನ್ನ ಹಾಕಿ, ಡೌನ್‌ಲೋಡ್ ಕೊಂಡಿಯನ್ನು ಹಿಂಬಾಗಿಲಿಟ್ಟ ನಕಲಿ ಕಡತಕ್ಕೆ ತಿರುಗಿಸಿದ್ದರು. ತಂಡದವರು ಮರೆಮಾಚದೆ ತಾವೇ ಸಾರಿ ಹೇಳಿದರು. ಇಂಥದ್ದಕ್ಕೆಂದೇ ಇಂಥ ತಾಣಗಳು ಕಡತದ ಜೊತೆಗೆ ಉದ್ದನೆಯ ಅಕ್ಷರ ಅಂಕಿಗಳ ಒಂದು ಸಾಲನ್ನು, ಅಂದರೆ ಚೆಕ್‌ಸಮ್ಮನ್ನು, ಪ್ರಕಟಿಸುತ್ತವೆ. ಇಳಿಸಿಕೊಂಡ ಕಡತದ ಚೆಕ್‌ಸಮ್ ಅದಕ್ಕೆ ತಾಳೆಯಾದರೆ ಅವರು ಇಟ್ಟದ್ದೇ ನಿಮಗೆ ತಲುಪಿದೆ ಎಂದರ್ಥ. ಆ ಸಾಲನ್ನೇ ಯಾರಾದರೂ ಬದಲಿಸಿದ್ದರೆ ಎಂಬ ಅನುಮಾನವುಳ್ಳವರಿಗೆ ಡಿಜಿಟಲ್ ಸಹಿಯೂ ಇರುತ್ತದೆ. ಇಡೀ ಆಪರೇಟಿಂಗ್ ಸಿಸ್ಟಮ್ ಇಳಿಸುವಾಗಲಾದರೂ ಈ ತಾಳೆ ನೋಡುವ ಅಭ್ಯಾಸ ಇರಲಿ.

ಏನೇನು ಹಾಕಿಕೊಳ್ಳಬಹುದು ಎಂಬ ಪಟ್ಟಿ ಎಲ್ಲರಿಗೂ ಗೊತ್ತಿರುವಂಥದ್ದೇ. ಪತ್ರ, ಲೆಕ್ಕಪತ್ರಕ್ಕೆ ಲಿಬ್ರೆ ಆಫೀಸ್. ಚಿತ್ರ ತಿದ್ದಲು ಜಿಂಪ್, ಬರೆಯಲು ಕ್ರಿಟಾ, ಲಗ್ನಪತ್ರಿಕೆಯ ವಿನ್ಯಾಸಕ್ಕೆ ಇಂಕ್‌ಸ್ಕೇಪ್. ಧ್ವನಿಗೆ ಆಡಾಸಿಟಿ. ಜಿಪ್ ಬಿಚ್ಚಲು 7-ಜಿಪ್. ಪಾಸ್‌ವರ್ಡುಗಳಿಗೆ ಕೀಪಾಸ್. ಮಕ್ಕಳಿರುವ ಮನೆಗೆ ಸ್ಟೆಲೇರಿಯಂ ಹಾಕಿಕೊಡಿ. ಊರಿನ ಹೆಸರು ಕೊಟ್ಟರೆ ಆ ರಾತ್ರಿಯ ಆಕಾಶವನ್ನೇ ಪರದೆಯ ಮೇಲೆ ತರುತ್ತದೆ. ಮಕ್ಕಳಿಗಿಂತ ಅಜ್ಜಂದಿರು ಅದರ ಮುಂದೆ ಹೆಚ್ಚು ಹೊತ್ತು ಕೂರುವುದನ್ನು ಕಂಡಿದ್ದೇನೆ.

ಇನ್ನು ಆ ‘ಹಳೆಯ’ ಯಂತ್ರಗಳು. ನಾಲ್ಕು ಜಿಬಿ ರ‍್ಯಾಮ್ ಇದ್ದರೆ ಲಿನಕ್ಸ್ ಮಿಂಟ್ ಸಲೀಸಾಗಿ ಓಡುತ್ತದೆ, ಅದರಲ್ಲೂ ಹಗುರವಾದ ಎಕ್ಸ್‌ಎಫ್‌ಸಿಇ ಆವೃತ್ತಿ. ಹಳೆಯ ಹಾರ್ಡ್ ಡಿಸ್ಕ್ ತೆಗೆದು ಎಸ್‌ಎಸ್‌ಡಿ ಹಾಕಿಸಿದರೆ ಹೊಸ ಜೀವವೇ ಬರುತ್ತದೆ. ಖರ್ಚು ಮಾಡುವುದಿದ್ದರೆ ಇಲ್ಲಿ ಮಾಡಿ. ರೂಫಸ್ ಅಥವಾ ವೆಂಟಾಯ್ ಬಳಸಿ ಪೆನ್‌ಡ್ರೈವಿಗೆ ಮಿಂಟ್ ಬರೆದು, ಅದರಿಂದಲೇ ಕಂಪ್ಯೂಟರ್ ಚಾಲೂ ಮಾಡಿ ನೋಡಬಹುದು. ಒಳಗಿರುವ ವಿಂಡೋಸಿಗೆ ಕೈಹಚ್ಚುವ ಅಗತ್ಯವಿಲ್ಲ. ವೈಫೈ, ಧ್ವನಿ, ಪ್ರಿಂಟರ್ ಎಲ್ಲ ಕೆಲಸ ಮಾಡಿದರೆ ಮುಂದಿನ ಮಾತು. ಇದೇನು ಪಂಡಿತರ ಹವ್ಯಾಸವಲ್ಲ. ಪಕ್ಕದ ಕೇರಳದ ಸರ್ಕಾರಿ ಶಾಲೆಗಳ ಮಕ್ಕಳು ವರ್ಷಗಳಿಂದ ಲಿನಕ್ಸಿನಲ್ಲೇ ಕಂಪ್ಯೂಟರ್ ಕಲಿಯುತ್ತಿದ್ದಾರೆ.

ಆದರೆ ಎಲ್ಲರಿಗೂ ಲಿನಕ್ಸ್ ಕಟ್ಟುವ ಉತ್ಸಾಹಿಗಳ ಗುಂಪಿಗೆ ನಾನು ಸೇರಿದವನಲ್ಲ. ಅಂಗಡಿಯ ಲೆಕ್ಕ ಟ್ಯಾಲಿಯಲ್ಲಿದ್ದರೆ ವಿಂಡೋಸಿನಲ್ಲೇ ಇರಿ. ಡಿಜಿಟಲ್ ಸಹಿಯ ಟೋಕನ್ ಚುಚ್ಚಿ ಸರ್ಕಾರಿ ತಾಣಗಳಲ್ಲಿ ಕೆಲಸ ಮಾಡುವವರೂ ಅಷ್ಟೇ. ಕೆಲವು ಹಳೆಯ ಲೇಸರ್ ಪ್ರಿಂಟರುಗಳು ಲಿನಕ್ಸಿನಲ್ಲಿ ಹಟ ಹಿಡಿಯುತ್ತವೆ. ಇಂಥವರು ಪರವಾನಗಿಯುಳ್ಳ ವಿಂಡೋಸಿನ ಮೇಲೆ ಮುಕ್ತ ತಂತ್ರಾಂಶಗಳನ್ನು ಹಾಕಿಕೊಂಡರೆ ಸಾಕು.

ಅಲಂಕಾರದ ಮಾತೂ ಇದೆ. ಹುಡುಗರು ಇದಕ್ಕೇ ಮೊದಲು ಕೈಹಾಕುತ್ತಾರೆ, ಹಾಕಲಿ. ವಿಂಡೋಸಿಗೆ ಪರದೆಯನ್ನು ಸಿಂಗರಿಸುವ ರೇನ್‌ಮೀಟರ್ ಇದೆ, ಮೈಕ್ರೋಸಾಫ್ಟಿನದೇ ಪವರ್‌ಟಾಯ್ಸ್ ಇದೆ, ಎರಡೂ ಮುಕ್ತ. ಮಿಂಟಿನಲ್ಲಿ ಥೀಮುಗಳು ಸೆಟ್ಟಿಂಗ್ಸಿನೊಳಗೇ ಸಿಗುತ್ತವೆ. ವಾಲ್‌ಪೇಪರ್ ಬೇಕಿದ್ದರೆ ವಿಕಿಮೀಡಿಯ ಕಾಮನ್ಸಿನಲ್ಲಿ ಹಂಪಿ, ಜೋಗ, ಬಾದಾಮಿ ಎಂದು ಹುಡುಕಿ. ನಮ್ಮವರೇ ತೆಗೆದು ಉದಾರವಾಗಿ ಹಂಚಿದ ದೊಡ್ಡ ಗಾತ್ರದ ಚಿತ್ರಗಳಿವೆ. ವಾಲ್‌ಪೇಪರ್ ಎಂದರೆ ಬರಿಯ ಚಿತ್ರ. ಅದು ಇಎಕ್ಸ್‌ಇ ಕಡತವಾಗಿ, ಅಂದರೆ ಓಡಿಸುವ ತಂತ್ರಾಂಶವಾಗಿ, ಬಂದರೆ ಒಳಗಿರುವುದು ಚಿತ್ರವಷ್ಟೇ ಅಲ್ಲ ಎಂದು ತಿಳಿದು ಅಳಿಸಿ.

ಗಡಿಯಾರ, ಗಾಜಿನಂಥ ಕಿಟಕಿ ಎಲ್ಲ ಆಮೇಲೆ. ಕನ್ನಡದ ಮನೆಯ ಕಂಪ್ಯೂಟರನ್ನು ನಮಗೆ ಬೇಕಾದಂತೆ ಒಗ್ಗಿಸಿಕೊಳ್ಳುವುದು ಎಂದರೆ ಮೊದಲು ಅದಕ್ಕೆ ಕನ್ನಡ ಬರುವಂತೆ ಮಾಡುವುದು. ಪರದೆಯ ಮೇಲೆ ನಿಯಾನ್ ಬೆಳಕು ಕುಣಿಸುವ ಹುಡುಗನ ಕಂಪ್ಯೂಟರಿನಲ್ಲಿ ಅವನ ಅಮ್ಮನಿಗೆ ಒಂದು ಸಾಲು ಕನ್ನಡ ಬರೆಯಲು ಆಗದಿದ್ದರೆ ಆ ಬೆಳಕಿನಿಂದ ಏನು ಪ್ರಯೋಜನ? ಇದು ಕಷ್ಟವೂ ಅಲ್ಲ. ಕೆ. ಪಿ. ರಾವ್ ಅವರು ರೂಪಿಸಿದ ಧ್ವನಿಯಾಧಾರಿತ ಕೀಲಿಮಣೆ ವಿನ್ಯಾಸವೇ ಮುಂದೆ ‘ನುಡಿ’ ಎಂಬ ಕನ್ನಡ ತಂತ್ರಾಂಶದ ಮೂಲಕ ಮನೆಮಾತಾಯಿತು. ಲಿನಕ್ಸಿನ ಕೀಲಿಮಣೆಗಳ ಪಟ್ಟಿಯಲ್ಲಿ ಅದು ‘ಕಗಪ’ ಎಂಬ ಹೆಸರಿನಲ್ಲಿದೆ. ಕನ್ನಡ ಗಣಕ ಪರಿಷತ್ತಿನ ಮೊದಲಕ್ಷರಗಳು ಅವು. ವಿಂಡೋಸ್ 10ರಲ್ಲೂ 2019ರಿಂದ ಕನ್ನಡದ ಫೊನೆಟಿಕ್ ಕೀಲಿಮಣೆ ಒಳಗೇ ಇದೆ, ಭಾಷೆಯ ಸೆಟ್ಟಿಂಗ್ಸಿನಲ್ಲಿ ಸೇರಿಸಿಕೊಂಡರಾಯಿತು.

ಅಕ್ಷರಶೈಲಿಗಳದ್ದು ಇನ್ನೂ ಸೊಗಸು. ಒಂದು ಕಾಲಕ್ಕೆ ಕನ್ನಡ ಯೂನಿಕೋಡಿಗೆ, ಅಂದರೆ ಎಲ್ಲ ಯಂತ್ರಗಳಿಗೂ ಅರ್ಥವಾಗುವ ಅಕ್ಷರಸಂಕೇತಕ್ಕೆ, ವಿಂಡೋಸಿನ ತುಂಗ ಬಿಟ್ಟರೆ ಗತಿಯಿರಲಿಲ್ಲವೆನ್ನುವಷ್ಟು ಬಡತನವಿತ್ತು. ಈಗ ಗೂಗಲ್ ಫಾಂಟ್ಸಿನಲ್ಲಿ ನೋಟೊ, ತಿರೊ ಕನ್ನಡ, ಅನೇಕ್, ಬಾಲೂ ತಮ್ಮ, ಹುಬ್ಬಳ್ಳಿ, ಬೆಣ್ಣೆ ಎಂದು ಸಾಲಾಗಿ ನಿಂತಿವೆ. ಲಿನಕ್ಸಿನ ಭಂಡಾರಗಳಲ್ಲಿ ಗುಬ್ಬಿ, ನವಿಲು ಸಿಗುತ್ತವೆ. ಎಲ್ಲವೂ ಮುಕ್ತ ಪರವಾನಗಿಯವು. ಓದಲು ಕೂರುವ ಬರಹಕ್ಕೆ ನನ್ನ ಮತ ತಿರೊ ಕನ್ನಡಕ್ಕೆ, ಅದರಲ್ಲಿ ಹಳೆಯ ಅಚ್ಚಿನ ಗಾಂಭೀರ್ಯವಿದೆ. ದಪ್ಪನೆಯ, ದುಂಡನೆಯ ಬಾಲೂ ತಮ್ಮ ನಾಮಕರಣದ ಕರೆಯೋಲೆಗೆ ಚೆಂದ. ತಿಥಿಯ ಪತ್ರಕ್ಕೆ ದಯವಿಟ್ಟು ಬೇಡ.

ತೊಡಕಿರುವುದು ಹಳೆಯ ಕಡತಗಳಲ್ಲಿ. ‘ನುಡಿ’, ‘ಬರಹ’ ತಂತ್ರಾಂಶಗಳ ಹಳೆಯ ಫಾಂಟುಗಳಲ್ಲಿ ಇಂಗ್ಲಿಷ್ ಅಕ್ಷರಗಳ ಸ್ಥಾನದಲ್ಲಿ ಕನ್ನಡದ ತುಂಡುಗಳನ್ನು ಕೂರಿಸಿದ್ದರು. ಆ ಫಾಂಟ್ ಇದ್ದರೆ ಕನ್ನಡ, ಇಲ್ಲದಿದ್ದರೆ ಅರ್ಥವಿಲ್ಲದ ಚಿಹ್ನೆಗಳ ರಾಶಿ. ಲಿನಕ್ಸಿಗೆ ಹೋದ ಮೇಷ್ಟರೊಬ್ಬರು ತಮ್ಮ ಪ್ರಬಂಧಗಳೆಲ್ಲ ಹಾಳಾದವೆಂದು ಗಾಬರಿಯಾಗಿದ್ದರು. ಹಾಳಾಗಿರಲಿಲ್ಲ, ಹಳೆಯ ಫಾಂಟನ್ನು ಹಾಕಿದ ಕೂಡಲೇ ಎದ್ದು ಬಂದವು. ಆದರೆ ಅವುಗಳಲ್ಲಿ ಹುಡುಕಾಟ ನಡೆಯುವುದಿಲ್ಲ, ಮೊಬೈಲಿನಲ್ಲಿ ಓದಲೂ ಆಗುವುದಿಲ್ಲ. ಯೂನಿಕೋಡಿಗೆ ಪರಿವರ್ತಿಸುವ ಉಚಿತ ಸಾಧನಗಳು ಬೇಕಾದಷ್ಟಿವೆ. ಮೂಲ ಕಡತವನ್ನು ಹಾಗೆಯೇ ಇಟ್ಟು, ಅದರ ಒಂದು ನಕಲನ್ನು ಪರಿವರ್ತಿಸಿ, ಅರ್ಕಾವತ್ತು ಮತ್ತು ಒತ್ತಕ್ಷರಗಳಿರುವ ಪದಗಳನ್ನು ಒಮ್ಮೆ ಕಣ್ಣಲ್ಲಿ ನೋಡಿ. ಎಡವುವುದಿದ್ದರೆ ಅಲ್ಲೇ. ಮೇಷ್ಟರ ಕಡತಗಳಲ್ಲಿ ಕೋಷ್ಟಕಗಳೂ ಅಡಿಟಿಪ್ಪಣಿಗಳೂ ತುಂಬಿವೆ. ಅವು ಕದಲದಂತೆ ಇಡೀ ಡಾಕ್ಯುಮೆಂಟನ್ನೇ ಯೂನಿಕೋಡಿಗೆ ತಿರುಗಿಸುವ ಮುಕ್ತ ಸಾಧನವನ್ನು ಬಳಸಿದವರು ನಿಮ್ಮಲ್ಲಿ ಯಾರಾದರೂ ಇದ್ದರೆ ಕೆಳಗೆ ಅದರ ಹೆಸರು ಬರೆಯಿರಿ. ಮೇಷ್ಟರು ಕಾಯುತ್ತಿದ್ದಾರೆ.