ಬೂದಿ ಮುಚ್ಚಿದ ಕೆಂಡ, ಮುಚ್ಚಳ ಮುಚ್ಚಿದ ನಾನು

ರಾಯಚೂರಿನಲ್ಲಿ ಹುಟ್ಟಿ ಬೆಳೆದವನಿಗೆ ಶಾಖದ ವಿಷಯದಲ್ಲಿ ಯಾರೂ ಪಾಠ ಹೇಳಬೇಕಾಗಿಲ್ಲ ಎಂಬ ಭ್ರಮೆ ನನಗೆ ನಿವೃತ್ತಿಯಾಗುವವರೆಗೂ ಇತ್ತು. ಏಪ್ರಿಲ್ ಬಂತೆಂದರೆ ಮಾಳಿಗೆಯ ಮೇಲೆ ಬರಿಗಾಲಿಡಲಾಗದ, ನಲ್ಲಿ ತಿರುಗಿಸಿದರೆ ಚಹಾಕ್ಕೆ ಅರ್ಧ ಕಾದ ನೀರೇ ಬರುವ ಊರು ನಮ್ಮದು. ಪಕ್ಕದ ಶಕ್ತಿನಗರದಲ್ಲಿ 1985ರಿಂದ ಕಲ್ಲಿದ್ದಲು ಉರಿಸಿ ಕರೆಂಟು ತೆಗೆಯುತ್ತಿದ್ದಾರೆ. ಇಂಥ ಊರಿನಲ್ಲಿ ಎರಡು ಕಿಲೋ ಇದ್ದಿಲು ಹೊತ್ತಿಸಿ ಆರು ಕೋಳಿ ಕಾಲು ಸುಡುವುದು ಒಂದು ಕೆಲಸವೇ ಎಂದು ಡಿಸೆಂಬರಿನ ಒಂದು ಭಾನುವಾರ ನೆಂಟರಿಷ್ಟರನ್ನೆಲ್ಲ ಕರೆದುಬಿಟ್ಟೆ.

ಇದಕ್ಕೆಲ್ಲ ಮೂಲ, ನನ್ನ ನಿವೃತ್ತಿಯ ಉಡುಗೊರೆಯಾಗಿ ಮಗಳು ಬೆಂಗಳೂರಿನಿಂದ ಕಳಿಸಿದ ಒಂದು ಇದ್ದಿಲ ಗ್ರಿಲ್. ಮೂರು ಕಾಲು, ಗುಂಡು ಹೊಟ್ಟೆ, ಹೊಟ್ಟೆಯ ಮೇಲೊಂದು ಜಾಲರಿ, ಅದರ ಮೇಲೆ ಟೋಪಿಯಂಥ ಮುಚ್ಚಳ. ಹೊಟ್ಟೆಯ ಅಡಿಯಲ್ಲೊಂದು, ಮುಚ್ಚಳದ ನೆತ್ತಿಯಲ್ಲೊಂದು ಗಾಳಿಕಿಂಡಿ. ಎರಡನ್ನೂ ತಿರುಗಿಸಿ ತೆರೆಯಬಹುದು, ಮುಚ್ಚಬಹುದು. ಈ ತೆರೆಯುವ ಮುಚ್ಚುವ ಸ್ವಾತಂತ್ರ್ಯವೇ ನನ್ನನ್ನು ಹಾಳು ಮಾಡಿತು.

ಇದ್ದಿಲನ್ನು ನಮ್ಮ ಓಣಿಯ ತಿರುವಿನಲ್ಲಿರುವ ಇಸ್ತ್ರಿಯವನಿಂದ ತಂದಿದ್ದೆ. ಸಂಜೆ ಮಾಳಿಗೆಯ ಮೇಲೆ ಗಾಳಿ ಬೀಸುತ್ತಿತ್ತು. ಗಾಳಿಗೆ ದೀಪ ಆರುತ್ತದೆ, ಆದ್ದರಿಂದ ಇದ್ದಿಲೂ ಆರುತ್ತದೆ ಎಂದು ತರ್ಕಿಸಿ, ಕೊಬ್ಬರಿ ಚಿಪ್ಪು ಮತ್ತು ಹಳೆಯ ಪೇಪರಿನ ನೆರವಿನಿಂದ ಬೆಂಕಿ ಹಚ್ಚಿದೊಡನೆ ಮುಚ್ಚಳ ಮುಚ್ಚಿದೆ. ನೆತ್ತಿಯ ಕಿಂಡಿಯಿಂದ ಹೊಗೆ ನುಗ್ಗಿ ಕಣ್ಣುರಿಯಿತೆಂದು ಅದನ್ನೂ ಮುಚ್ಚಿದೆ. ಹತ್ತು ನಿಮಿಷ ಬಿಟ್ಟು ತೆಗೆದು ನೋಡಿದರೆ ಇದ್ದಿಲು ಅಂಗಡಿಯಿಂದ ಈಗ ತಾನೇ ಬಂದಂತೆ ಕಪ್ಪಗೆ, ತಣ್ಣಗೆ ಕುಳಿತಿತ್ತು. ಇದೇ ವಿಧಿಯನ್ನು ನಾನು ಶ್ರದ್ಧೆಯಿಂದ ಮೂರು ಸಲ ನೆರವೇರಿಸಿದೆ. ಒಂದು ಕಡ್ಡಿಪೆಟ್ಟಿಗೆ ಖಾಲಿಯಾಯಿತು. ಮಸಾಲೆ ಹಚ್ಚಿದ ಕೋಳಿಯ ಬೋಗುಣಿ ಹಿಡಿದು ಮೇಲೆ ಬಂದ ಹೆಂಡತಿ, "ನೀವು ಬೆಂಕಿ ಹಚ್ಚಾಕತ್ತೀರೋ, ಆರಿಸಾಕತ್ತೀರೋ?" ಎಂದು ಕೇಳಿದಳು. ಉತ್ತರ ನನಗೂ ತಿಳಿದಿರಲಿಲ್ಲ.

ಆಗ ನನ್ನ ಪಾಲಿನ ದೇವರಂತೆ ಬಂದವನು, ಬಟ್ಟೆ ಕೊಡಲು ಮೆಟ್ಟಿಲೇರಿದ ಅದೇ ಇಸ್ತ್ರಿಯವನು. ನಲವತ್ತು ವರ್ಷಗಳಿಂದ ದಿನವಿಡೀ ಕೆಂಡದ ಜೊತೆ ಇರುವ ಮನುಷ್ಯ ನನ್ನ ಗ್ರಿಲ್ಲನ್ನು ಒಂದು ಸುತ್ತು ಹಾಕಿ ನೋಡಿ, "ಇದು ನನ್ನ ಪೆಟ್ಟಿಗೀನ ಅಲ್ರಿ ಸರ, ಸ್ವಲ್ಪ ದೊಡ್ಡದೈತಿ" ಎಂದ. ಯೋಚಿಸಿದರೆ ನಿಜವೇ. ಇಸ್ತ್ರಿ ಪೆಟ್ಟಿಗೆಯ ಬುಡದ ಉದ್ದಕ್ಕೂ ತೂತುಗಳಿವೆ, ಮೇಲೆ ಕೀಲು ಮುಚ್ಚಳವಿದೆ. ಕೆಂಡ ಮಂಕಾದಾಗ ಅವನು ಪೆಟ್ಟಿಗೆಯನ್ನು ಹಿಂದಕ್ಕೂ ಮುಂದಕ್ಕೂ ಉಯ್ಯಾಲೆಯಂತೆ ಬೀಸುತ್ತಾನಲ್ಲ, ಅದು ಆ ತೂತುಗಳೊಳಗೆ ಗಾಳಿ ತುಂಬಲು. ಗಾಳಿ ದೀಪವನ್ನು ಆರಿಸುತ್ತದೆ, ಕೆಂಡವನ್ನು ಸಾಕುತ್ತದೆ. "ಹತ್ತೋತನಕ ಮುಚ್ಚಳ ತೆಗೆದಿರಬೇಕ್ರಿ. ಮೈತುಂಬ ಬೂದಿ ಬಂದ ಮ್ಯಾಲ ಬೇಕಾದ್ರ ಮುಚ್ಚರಿ" ಎಂದು ಹೇಳಿ, ಅಡಿಯ ಕಿಂಡಿಯನ್ನು ಪೂರ್ತಿ ತೆರೆದು, ನನ್ನದೇ ಪೇಪರನ್ನು ಮಡಚಿ ಬೀಸತೊಡಗಿದ. ಇಪ್ಪತ್ತು ನಿಮಿಷಕ್ಕೆ ಇದ್ದಿಲ ಮೇಲೆ ನವಿರಾದ ಬಿಳಿ ಬೂದಿ ಕಟ್ಟಿ, ಅದರ ಬಿರುಕುಗಳಲ್ಲಿ ಮಾತ್ರ ಕೆಂಪು ಕಾಣುವಂತಾಯಿತು. ಬೂದಿ ಮುಚ್ಚಿದ ಕೆಂಡ ಎಂದು ಬೇರೆಯವರ ಸಿಟ್ಟಿನ ಬಗ್ಗೆ ಎಷ್ಟೋ ಸಲ ಹೇಳಿದ್ದೇನೆ. ಅದು ಅಡುಗೆಗೆ ಹದವಾದ ಸ್ಥಿತಿ ಎಂದು ಗೊತ್ತಾದದ್ದು ಅಂದೇ.

ಗಾಳಿಯ ವಿಷಯದಲ್ಲಿ ಮೋಸಹೋದವನು ನಾನೊಬ್ಬನೇ ಅಲ್ಲ ಎಂಬುದಷ್ಟೇ ಸಮಾಧಾನ. ಅಮೆರಿಕದ ಇಲಿನಾಯ್ ರಾಜ್ಯದಲ್ಲಿ, ನೀರಿನ ಮೇಲೆ ತೇಲಿಬಿಡುವ ಲೋಹದ ಬುರುಡೆಗಳನ್ನು ತಯಾರಿಸುವ ಕಾರ್ಖಾನೆಯಲ್ಲಿದ್ದ ಜಾರ್ಜ್ ಸ್ಟೀಫನ್ ಎಂಬಾತ, ತೆರೆದ ಒಲೆಯಲ್ಲಿ ಗಾಳಿ, ಬೂದಿ, ಜ್ವಾಲೆಗಳ ಕಾಟ ತಾಳಲಾರದೆ 1952ರಲ್ಲಿ ಅಂಥದೊಂದು ಬುರುಡೆಯನ್ನು ಅರ್ಧಕ್ಕೆ ಕತ್ತರಿಸಿ, ಕೆಳಗಿನರ್ಧವನ್ನು ಒಲೆಯಾಗಿಯೂ ಮೇಲಿನರ್ಧವನ್ನು ಮುಚ್ಚಳವಾಗಿಯೂ ಮಾಡಿಕೊಂಡನಂತೆ. ನಮ್ಮ ಮಾಳಿಗೆಯ ಮೇಲಿದ್ದುದು ಆ ಬುರುಡೆಯ ಸಂತಾನ.

ಮುಚ್ಚಳ ತೆರೆದಿದ್ದರೆ ಒಳ್ಳೆಯದು ಎಂಬ ಅರ್ಧ ಜ್ಞಾನ ಹೊಸದಾಗಿ ಬಂದಿತ್ತಲ್ಲ, ಕೋಳಿ ಕಾಲುಗಳನ್ನೂ ತೆರೆದೇ ಸುಡಲು ಹೊರಟೆ. ಚರ್ಮದ ಕೊಬ್ಬು ಕರಗಿ ಕೆಂಡದ ಮೇಲೆ ತೊಟ್ಟಿಕ್ಕಿತು. ಒಂದೊಂದು ಹನಿಗೂ ಒಂದೊಂದು ಜ್ವಾಲೆ ಎದ್ದು, ಕಡೆಗೆ ಎಲ್ಲ ಜ್ವಾಲೆಗಳೂ ಒಗ್ಗಟ್ಟಾಗಿ ನನ್ನ ಹುಬ್ಬಿನ ಎತ್ತರಕ್ಕೆ ಬಂದವು. ನೆಂಟರು ಚಪ್ಪಾಳೆ ತಟ್ಟಿದರು. ಇದೂ ಕಾರ್ಯಕ್ರಮದ ಭಾಗವೆಂದು ಅವರು ತಿಳಿದಿರಬೇಕು. ಹತ್ತು ನಿಮಿಷದಲ್ಲಿ ಕಾಲುಗಳು ಇದ್ದಿಲಿಗಿಂತ ಕಪ್ಪಾದವು. ಮೊದಲ ತುಂಡು ಮುರಿದು ನೋಡಿದ ನನ್ನ ಭಾವಮೈದುನ ಅದನ್ನು ದೀಪದ ಬೆಳಕಿಗೆ ಹಿಡಿದು, "ಮಾಮಾ, ಹೊರಗ ಅಮಾಸಿ ಆಗೈತಿ, ಒಳಗ ಇನ್ನೂ ಸೂರ್ಯ ಹುಟ್ಟಾಕತ್ತಾನ" ಎಂದ. ಮೂಳೆಯ ಪಕ್ಕ ಹಸಿ ಮಾಂಸ ಗುಲಾಬಿ ಬಣ್ಣದಲ್ಲಿ ಹೊಳೆಯುತ್ತಿತ್ತು.

ಭಾವಮೈದುನ ಕೆಲಸ ಮಾಡಿದ್ದು ಬಾಯ್ಲರುಗಳ ನಡುವೆ. ನನ್ನ ಕೈಯಿಂದ ಇಕ್ಕಳ ಕಸಿದುಕೊಂಡು ಅವನು ಕೊಟ್ಟ ಉಪನ್ಯಾಸ ಹೀಗಿತ್ತು. ದೊಡ್ಡ ಕುಲುಮೆಯಲ್ಲಿ ಗಾಳಿ ತಳ್ಳಲು ಒಂದು ಫ್ಯಾನು, ಹೊಗೆ ಎಳೆಯಲು ಇನ್ನೊಂದು ಫ್ಯಾನು ಇರುತ್ತವೆ. ಇಲ್ಲಿ ಆ ಕೆಲಸವನ್ನು ಎರಡು ಕಿಂಡಿಗಳು ಕರೆಂಟಿಲ್ಲದೆ ಮಾಡುತ್ತವೆ. ಬಿಸಿ ಹೊಗೆ ಮೇಲಿನಿಂದ ಹೊರಟಂತೆ ಕೆಳಗಿನಿಂದ ಹೊಸ ಗಾಳಿ ಒಳಗೆಳೆದುಕೊಳ್ಳುತ್ತದೆ. ಮುಚ್ಚಳ ತೆರೆದರೆ ಕೆಂಡಕ್ಕೆ ಗಾಳಿ ಹೆಚ್ಚು ಸಿಕ್ಕಿ ಅದರ ಕಾವು ಏರುತ್ತದೆ, ಆದರೆ ಆ ಕಾವು ತುಂಡಿನ ಅಡಿಗಷ್ಟೇ ತಾಗಿ ಉಳಿದದ್ದು ಆಕಾಶಕ್ಕೆ ಹೋಗುತ್ತದೆ. ಮುಚ್ಚಿದರೆ ಗಾಳಿ ಕಡಿಮೆಯಾಗಿ ಜ್ವಾಲೆ ಅಡಗುತ್ತದೆ, ಶಾಖ ಒಳಗೇ ತಿರುಗಾಡಿ ತುಂಡನ್ನು ಎಲ್ಲ ಕಡೆಯಿಂದಲೂ ಬೇಯಿಸುತ್ತದೆ. ಕೋಳಿಯ ಒಳಗು 74 ಡಿಗ್ರಿ ಸೆಲ್ಸಿಯಸ್ ಮುಟ್ಟಬೇಕಾದರೆ ಇದೇ ದಾರಿ. ಅವನು ಕೆಂಡವನ್ನೆಲ್ಲ ಒಂದು ಬದಿಗೆ ಸರಿಸಿ, ಕೋಳಿಯನ್ನು ಇನ್ನೊಂದು ಬದಿಗಿಟ್ಟು, ಮುಚ್ಚಳ ಹಾಕಿ, ಎರಡೂ ಕಿಂಡಿಗಳನ್ನು ಅರ್ಧ ತೆರೆದಿಟ್ಟ. ಗಾಳಿಯ ಕಾಟಕ್ಕೆ ಗ್ರಿಲ್ಲನ್ನು ಮೆಟ್ಟಿಲ ಕೋಣೆಗೆ ಒಯ್ಯೋಣವೇ ಎಂದು ನಾನು ಕೇಳಿದ್ದಕ್ಕೆ ಮಾತ್ರ ಅವನು ನಗಲಿಲ್ಲ. ಇದ್ದಿಲಿನಿಂದ ಬರುವ ಕಾರ್ಬನ್ ಮಾನಾಕ್ಸೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ, ಮುಚ್ಚಿದ ಕೋಣೆಯಲ್ಲಿ ಅದು ಹೇಳದೆ ಕೇಳದೆ ಜೀವ ತೆಗೆಯುತ್ತದೆ ಎಂದು ಗದರಿದ.

ಅಲ್ಲಿಂದ ಮುಂದಿನ ತೊಂದರೆ ನೆಂಟರದು. ಎರಡು ನಿಮಿಷಕ್ಕೊಬ್ಬರು ಬಂದು "ಆಯ್ತೇನು ನೋಡೋಣ" ಎಂದು ಮುಚ್ಚಳ ಎತ್ತುತ್ತಿದ್ದರು, ಕೂಡಿಟ್ಟ ಕಾವೆಲ್ಲ ಅವರ ಮುಖಕ್ಕೆ ಹೊಡೆದು ಹೋಗುತ್ತಿತ್ತು. ಹಾಗೆ ಎತ್ತಿದ ಮುಚ್ಚಳವನ್ನು ಒಮ್ಮೆ ಎಲ್ಲಿಡುವುದೆಂದು ತೋಚದೆ ನಾನು ನೀಲಿ ಪ್ಲಾಸ್ಟಿಕ್ ಕುರ್ಚಿಯ ಮೇಲೆ ಬೋರಲಿಟ್ಟೆ. ಮತ್ತೆ ಎತ್ತಿದಾಗ ಅದರ ಅಂಚಿನಿಂದ ಶ್ಯಾವಿಗೆಯಂತೆ ನೀಲಿ ಎಳೆಗಳು ಜೋತುಬಿದ್ದವು. ಕುರ್ಚಿಯ ಮೇಲೆ ಕೈವಾರದಲ್ಲಿ ಎಳೆದಂಥ ಪರಿಪೂರ್ಣ ವೃತ್ತ ಮೂಡಿತ್ತು.

ಕೋಳಿ ಮುಚ್ಚಿದ ಮೇಲೆ ಬೆಂದಿತಲ್ಲ ಎಂಬ ಉತ್ಸಾಹದಲ್ಲಿ ಹಪ್ಪಳಕ್ಕೂ ಮುಚ್ಚಳ ಹಾಕಿದವನು ನಾನೇ. ಹಪ್ಪಳಕ್ಕೆ ಬೇಕಾದದ್ದು ಕೆಲವೇ ಸೆಕೆಂಡು. ಮುಚ್ಚಳ ತೆಗೆಯುವಷ್ಟರಲ್ಲಿ ಅವು ಬೂದಿಯ ವೃತ್ತಗಳಾಗಿ, ಗಾಳಿಗೆ ಎದ್ದು ಪಕ್ಕದ ಮನೆಯ ಮಾಳಿಗೆಗೆ ಹಾರಿಹೋದವು. ಹೆಂಡತಿಗೆ ಇನ್ನು ತಡೆಯಲಾಗಲಿಲ್ಲ. "ರೊಟ್ಟಿ ಸುಡುವಾಗ ಯಾರಾದ್ರೂ ಮುಚ್ಚಳ ಮುಚ್ಚತಾರೇನ್ರಿ? ಸೀತನಿ ಸುಡುವಾಗ ಮುಚ್ಚತಾರೇನು? ತೆಳ್ಳಗಿದ್ರ ತೆಗೀರಿ, ದಪ್ಪಗಿದ್ರ ಮುಚ್ಚರಿ. ಇದಕ್ಕ ಇಷ್ಟು ಮಂದಿ ಬೇಕಾ?" ಎಂದು, ಎರಡು ಗುಂಡು ಬದನೆಕಾಯಿಗಳನ್ನು ಜಾಲರಿಯ ಮೇಲಿಟ್ಟು ಮುಚ್ಚಳ ಹಾಕಿ, ಆ ವೃತ್ತದ ಕುರ್ಚಿಯನ್ನೇ ಎಳೆದುಕೊಂಡು ಕಾವಲು ಕುಳಿತಳು. ಅರ್ಧ ಗಂಟೆ ಯಾರೂ ಹತ್ತಿರ ಸುಳಿಯಲಿಲ್ಲ. ಅಂದಿನ ಊಟದಲ್ಲಿ ಎಲ್ಲರೂ ಎರಡನೆಯ ಸಲ ಕೇಳಿ ಹಾಕಿಸಿಕೊಂಡದ್ದು ಆ ಬದನೆಕಾಯಿಯ ಪಲ್ಯವೊಂದನ್ನೇ.

ರಾತ್ರಿ ಕೆಂಡಕ್ಕೆ ನೀರು ಸುರಿಯಲು ಬಕೆಟ್ ತಂದಿದ್ದೆ, ಭಾವಮೈದುನ ತಡೆದ. ಮುಚ್ಚಳ ಹಾಕಿ ಎರಡೂ ಕಿಂಡಿಗಳನ್ನು ಬಿಗಿಯಾಗಿ ಮುಚ್ಚಿದರೆ ಗಾಳಿಯಿಲ್ಲದೆ ಕೆಂಡ ತಾನೇ ಆರುತ್ತದೆ, ಉಳಿದ ಇದ್ದಿಲು ಮುಂದಿನ ಸಲಕ್ಕೆ ಬರುತ್ತದೆ. ಸಂಜೆ ನಾನು ಮೂರು ಸಲ ಮಾಡಿದ್ದು ಇದನ್ನೇ. ಬೆಳಿಗ್ಗೆ ನೋಡಿದರೆ ಒಂದು ಚೀಲ ಇದ್ದಿಲು ಉಳಿದಿತ್ತು. ಮುಂದಿನ ಸಲ ಎಂಬುದು ಇಲ್ಲವೆಂದು ಮನೆಯಲ್ಲಿ ತೀರ್ಮಾನವಾಗಿದ್ದರಿಂದ, ಅದನ್ನು ಇಸ್ತ್ರಿಯವನಿಗೇ ವಾಪಸು ಕೊಟ್ಟು ಬಂದೆ. ಅವನು ಸಂತೋಷದಿಂದಲೇ ಪೆಟ್ಟಿಗೆಗೆ ತುಂಬಿಕೊಂಡ. ಆ ವಾರವೆಲ್ಲ ನಮ್ಮ ಓಣಿಯ ಗಂಡಸರ ಅಂಗಿಗಳಿಂದ ಬೆಳ್ಳುಳ್ಳಿ ಹಚ್ಚಿದ ಕೋಳಿಯ ಘಮ ಸಣ್ಣಗೆ ಹೊಮ್ಮುತ್ತಿತ್ತು. ಮೂರು ತಲೆಮಾರಿನಿಂದ ಮೊಟ್ಟೆಯನ್ನೂ ಮುಟ್ಟದ ಎದುರುಮನೆಯ ಹಿರಿಯರು ಮಾತ್ರ, ಗೇಟಿನ ಬಳಿ ನಿಂತು ತಮ್ಮ ಕಾಲರನ್ನು ಮತ್ತೆ ಮತ್ತೆ ಮೂಸುತ್ತ, ನನ್ನ ಮಾಳಿಗೆಯ ಕಡೆ ನೋಡುತ್ತಿದ್ದರು.