ಶೇ. 40 ಅಂಗವೈಕಲ್ಯ ಇಲ್ಲದಿದ್ದರೆ ಸೀಟಿಲ್ಲ ಅನ್ನೋದು ತಪ್ಪು

ಪೋಷಕರ ವಾಟ್ಸಾಪ್ ಗುಂಪುಗಳಲ್ಲಿ ಒಂದು ಮೆಸೇಜ್ ಸುತ್ತುತ್ತಿದೆ: ಸೆರೆಬ್ರಲ್ ಪಾಲ್ಸಿ (ಮೆದುಳಿನ ತೊಂದರೆಯಿಂದ ಕೈಕಾಲು ಆಡಿಸುವುದು ಕಷ್ಟವಾಗುವ ಸ್ಥಿತಿ) ಇರುವ ಮಗುವಿಗೆ ಶೇ. 40ರ ಅಂಗವೈಕಲ್ಯದ ಸರ್ಟಿಫಿಕೇಟ್ ಇಲ್ಲದಿದ್ದರೆ, ಜೊತೆಗೆ ಹಟ ಜಾಸ್ತಿ ಇದ್ದರೆ, ಶಾಲೆಯವರು ಸೇರಿಸಿಕೊಳ್ಳಬೇಕಾಗಿಲ್ಲ ಅಂತ. ಹಾಗಿಲ್ಲ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 16ನೇ ಸೆಕ್ಷನ್, ಸರ್ಕಾರದ ಅನುದಾನ ಅಥವಾ ಮಾನ್ಯತೆ ಇರುವ ಶಾಲೆಗಳು ಭೇದ ಮಾಡದೆ ಸೇರಿಸಿಕೊಂಡು ಮಗುವಿಗೆ ಬೇಕಾದ ಅನುಕೂಲ ಮಾಡಿಕೊಡಬೇಕು ಅನ್ನುತ್ತದೆ, ಅಲ್ಲಿ 40ರ ಮಾತೇ ಇಲ್ಲ. ಅದು ಬರುವುದು 31ನೇ ಸೆಕ್ಷನ್‌ನಲ್ಲಿ, 18 ವರ್ಷದವರೆಗಿನ ಉಚಿತ ಶಿಕ್ಷಣಕ್ಕೆ.

ಇನ್ನು ಹಟ. ಬಿಗಿಯಾದ ಕೈಯಲ್ಲಿ ಅರ್ಧ ಪುಟ ಬರೆಯುವಷ್ಟರಲ್ಲಿ ಮಗು ಸುಸ್ತಾಗಿರುತ್ತದೆ, ಅಷ್ಟರಲ್ಲಿ ಬೋರ್ಡ್ ಒರೆಸಿಯಾಗಿರುತ್ತದೆ, ಆಗ ಪೆನ್ಸಿಲ್ ಎಸೆದರೆ ಸುಮ್ನೆ ತುಂಟತನ ಅಂದುಬಿಡೋದಾ? ದಪ್ಪ ಪೆನ್ಸಿಲ್, ಪಾದ ನೆಲಕ್ಕೆ ತಾಗುವ ಕುರ್ಚಿ, ಕಡಿಮೆ ಬರವಣಿಗೆ. ಶಾಲೆಯವರ ಹತ್ತಿರ ಮೊದಲು ಇಷ್ಟು ಕೇಳಿ.