ಪ್ಯಾಕೆಟ್ ಮೇಲಿನ ಹೆಸರು ನಂಬಬೇಡಿ

"ಇದು ಡ್ರಗ್ಸ್ ಅಲ್ಲ, ಲೀಗಲ್ ಐಟಂ" ಎಂದು ನಂಬಿಸಿ ಹುಡುಗರ ಕೈಗೆ ಪುಡಿ ಕೊಡುವವರನ್ನು ಕಂಡರೆ ನನಗೆ ಮೈ ಉರಿಯುತ್ತದೆ.

ಮೆಫೆಡ್ರೋನ್ ಎಂಬ ಅಮಲಿನ ಪುಡಿಯ ಕತೆ ನೋಡಿ. 1929ರಲ್ಲೇ ತಯಾರಾಗಿದ್ದ ಪದಾರ್ಥ. ಎಪ್ಪತ್ತು ವರ್ಷ ಯಾರೂ ಅದನ್ನು ಕೇಳಿರಲಿಲ್ಲ. 2000ದ ನಂತರ ಇಂಟರ್ನೆಟ್‌ನಲ್ಲಿ 'ಗಿಡದ ಗೊಬ್ಬರ' ಎಂಬ ಹೆಸರಲ್ಲಿ ಮಾರಾಟ ಶುರುವಾಯಿತು. 'ಮನುಷ್ಯರ ಸೇವನೆಗಲ್ಲ' ಎಂದು ಲೇಬಲ್ ಅಂಟಿಸಿ ಕಾನೂನಿನಿಂದ ನುಣುಚಿಕೊಳ್ಳುತ್ತಿದ್ದರು. 2010ರ ಏಪ್ರಿಲ್‌ನಲ್ಲಿ ಬ್ರಿಟನ್ ನಿಷೇಧಿಸಿತು. ಬೆನ್ನಲ್ಲೇ 'ಎನ್‌ಆರ್‌ಜಿ-1' ಎಂಬ ಹೊಸ ಪ್ಯಾಕೆಟ್ ಬಂತು. ತರಿಸಿ ಪರೀಕ್ಷೆ ಮಾಡಿದರೆ ಎಷ್ಟೋ ಪ್ಯಾಕೆಟ್‌ಗಳಲ್ಲಿ ಇದ್ದದ್ದು ಆಗಲೇ ನಿಷೇಧವಾಗಿದ್ದ ಮಾಲು! ತಗೊಳ್ಳುವವನಿಗೆ ಏನು ತಗೊಳ್ತಿದ್ದೇನೆ ಅಂತಲೇ ಗೊತ್ತಿಲ್ಲ. ಇನ್ನು ಡೋಸ್ ಲೆಕ್ಕ ಎಲ್ಲಿಂದ ಬರಬೇಕು?

ಅಮೆರಿಕದಲ್ಲಿ 'ಬಾತ್ ಸಾಲ್ಟ್ಸ್' (ಸ್ನಾನದ ಉಪ್ಪು) ಹೆಸರಲ್ಲಿ ಹರಡಿದ ಎಂಡಿಪಿವಿ ಎಂಬ ಇದೇ ಜಾತಿಯ ಪುಡಿ ಇನ್ನೂ ಕೆಟ್ಟದ್ದು. ಮಿದುಳಿನಲ್ಲಿ ಬಿಡುಗಡೆಯಾದ ಡೋಪಮೈನ್ ಎಂಬ, ಮತ್ತೆ ಬೇಕೆನಿಸುವಂತೆ ಮಾಡುವ ರಾಸಾಯನಿಕ ವಾಪಸ್ ಹೋಗದ ಹಾಗೆ ತಡೆಯುತ್ತದೆ. ಅಮಲು ಇಳಿಯುತ್ತಿದ್ದಂತೆ ಮತ್ತೆ ಬೇಕೆನಿಸುತ್ತದೆ. ಹಾಗೇ ಒಂದರ ಮೇಲೊಂದು ಡೋಸ್, ನಿದ್ದೆಯಿಲ್ಲ. ಆಮೇಲೆ ಯಾರೋ ಅಟ್ಟಿಸಿಕೊಂಡು ಬರುತ್ತಿದ್ದಾರೆ ಎಂಬ ಭಯ. ಎದೆಬಡಿತ ಏರುತ್ತದೆ, ಮೈ ಕೆಂಡವಾಗುತ್ತದೆ. ಸ್ನಾಯುಗಳು ಒಡೆದು ಅದರ ಅಂಶ ರಕ್ತಕ್ಕೆ ಸೇರಿದರೆ ಮೂತ್ರ ಕಂದು ಬಣ್ಣಕ್ಕೆ ತಿರುಗುತ್ತದೆ, ಕಿಡ್ನಿಯೇ ಕೈಕೊಡಬಹುದು. ಇಷ್ಟೆಲ್ಲ ಆಗೋದಕ್ಕೆ ವರ್ಷಗಟ್ಟಲೆ ಚಟ ಬೇಕಿಲ್ಲ.

ಹೆರಾಯಿನ್ ಓವರ್‌ಡೋಸ್‌ಗೆ ನಲೋಕ್ಸೋನ್ ಇದೆ. ಇಂಥ ಪುಡಿಗಳಿಗೆ ಅಂಥ ಪ್ರತಿಮದ್ದು ಇಲ್ಲ. ಶಾಂತವಾಗಲು ಔಷಧಿ ಕೊಟ್ಟು, ಮೈ ತಣ್ಣಗೆ ಮಾಡಿ, ಡ್ರಿಪ್ ಹಾಕಿ ಕಾಯಬೇಕು. ಸಾಮಾನ್ಯ ಮೂತ್ರ ಪರೀಕ್ಷೆಯಲ್ಲಿ ಇವುಗಳಲ್ಲಿ ಹೆಚ್ಚಿನವು ಸಿಗುವುದೇ ಇಲ್ಲ.

ನಿಷೇಧ ಬೇಕು, ಆ ಮಾತು ಬೇರೆ. ಚೀನಾ 2015ರಲ್ಲಿ ಒಂದೇ ಸಲಕ್ಕೆ ಇಂಥ 116 ಪದಾರ್ಥಗಳನ್ನು ನಿಷೇಧಿಸಿತು, ಒಳ್ಳೆಯದೇ. ಆದರೆ ಅಣುವಿನಲ್ಲಿ ಒಂದು ತುಣುಕು ಬದಲಿಸಿದರೆ ಇನ್ನೊಂದು ಪುಡಿ ರೆಡಿ. ಬರೀ ಪೊಲೀಸರನ್ನು ನೆಚ್ಚಿಕೊಂಡರೆ ಆಗಲ್ಲ. ಮಾರುಕಟ್ಟೆಗೆ ಹೊಸದಾಗಿ ಬಂದದ್ದನ್ನು ಬೇಗ ಪರೀಕ್ಷೆ ಮಾಡುವ ಲ್ಯಾಬ್‌ಗಳು ಬೇಕು, ಅದರ ಎಚ್ಚರಿಕೆ ಜನರಿಗೂ ತಲುಪಬೇಕು.

ನನಗೆ ಜಾಸ್ತಿ ಸಂಕಟ ಆಗೋದು ಪುಡಿ ತಗೊಂಡು ಒದ್ದಾಡುವವನ ಜೊತೆಗಿದ್ದ ಗೆಳೆಯರ ಭಯ ನೋಡಿ. ಮನೆಯವರಿಗೆ ಗೊತ್ತಾಗುತ್ತೆ, ಕೇಸ್ ಆಗುತ್ತೆ ಅಂತ ರೂಮಿನ ಬಾಗಿಲು ಹಾಕಿ, ಮಲಗಿದರೆ ಸರಿಹೋಗುತ್ತೆ ಎಂದು ಕಾಯುತ್ತಾರೆ. ದಯವಿಟ್ಟು ಕಾಯಬೇಡಿ. ಅವನನ್ನು ಬೋರಲು ಮಲಗಿಸಿ ಅದುಮಿ ಹಿಡಿಯಬೇಡಿ, ಅದರಿಂದ ಇನ್ನೂ ಅಪಾಯ. ಆಂಬುಲೆನ್ಸ್ ಕರೆಸಿ, ಏನು ತಗೊಂಡಿದ್ದು, ಯಾವಾಗ ಅನ್ನೋದನ್ನು ಡಾಕ್ಟರಿಗೆ ಮುಚ್ಚಿಡದೆ ಹೇಳಿ. ಉಳಿದ ಪ್ಯಾಕೆಟ್ ಇದ್ದರೆ ಅದನ್ನೂ ಅವರ ಕೈಗೇ ಕೊಡಿ.